ಮಾಮಾನ ಗುಂಡಿಗೆ ಸುರಿದ ಉಪ್ಪು

2018ರ ಫೆಬ್ರವರಿಯ ಒಂದು ಮಧ್ಯಾಹ್ನ ನನ್ನ ಸೋದರಮಾವ ಶಿವಗೊಂಡನನ್ನು ಅವನ ಹೊಲದಲ್ಲಿ ಮಣ್ಣು ಮಾಡುವಾಗ, ಗುಂಡಿಯ ಅಂಚಿನಲ್ಲಿ ನಿಂತು, ಊರವರ ಎದುರಿಗೆ ನಾನು ಸುಳ್ಳು ಹೇಳಿದೆ. ಆ ಸುಳ್ಳಿನಿಂದ, ಅವನು ಬೇಡವೆಂದಿದ್ದ ಉಪ್ಪು ಅವನ ಮೈಸುತ್ತ ಬಿತ್ತು. ನಿಜ ಹೇಳಿದ ಅವನ ಮಗಳು ಮಹಾನಂದಾ ಸುಳ್ಳು ಹೇಳುವವಳು ಎನಿಸಿಕೊಂಡಳು. ಅವಳ ಹೆತ್ತ ತಾಯಿ ಕೂಡ ಅವಳನ್ನು ನಂಬಲಿಲ್ಲ. ನನ್ನನ್ನು ನಂಬಿದಳು.

ನಾನು ಕೊಲ್ಹಾಪುರದ ಒಂದು ಮರಾಠಿ ದಿನಪತ್ರಿಕೆಯಲ್ಲಿ ವರದಿಗಾರ. ಹುಟ್ಟಿದ್ದು ಗಡಹಿಂಗ್ಲಜದಲ್ಲಿ. ದಿನವಿಡೀ ಮರಾಠಿಯಲ್ಲಿ ಬರೆಯುವವನು ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ, ಏಕೆಂದರೆ ಮಾಮಾ ಆ ಮಾತನ್ನು ಕನ್ನಡದಲ್ಲಿ ಹೇಳಿದ್ದ, ನಾನು ಅದನ್ನು ಕೇಳಿಲ್ಲವೆಂದದ್ದೂ ಕನ್ನಡದಲ್ಲೇ. ಬೇರೆಯವರ ತಪ್ಪುಗಳನ್ನು ಬರೆಯುವಾಗ ನಾನು ಬಳಸುವ ಕ್ರಮವನ್ನೇ ಇಲ್ಲಿಯೂ ಬಳಸಲು ನೋಡುತ್ತೇನೆ — ಆದದ್ದನ್ನು ಆದ ಹಾಗೆ. ಎಷ್ಟರ ಮಟ್ಟಿಗೆ ಸಾಧ್ಯವಾಗುತ್ತದೋ ಗೊತ್ತಿಲ್ಲ.

ಮೊದಲು ಹೊಲದ ಮಾತು. ಮಾಮಾನ ಹೊಲ ಇಚಲಕರಂಜಿಯಿಂದ ನಾಂದಣಿಯ ಕಡೆಗೆ ಹೋಗುವ ದಾರಿಯಲ್ಲಿದೆ. ಆ ಭಾಗದಲ್ಲಿ ಕಬ್ಬಿಗೆ ನೀರು ಹಾಯಿಸಿ ಹಾಯಿಸಿ ಎಷ್ಟೋ ಭೂಮಿ ಸವಳಾಗಿದೆ. ಕೆಳಗಿನ ಉಪ್ಪು ಮೇಲೆದ್ದು ಬೇಸಿಗೆಯಲ್ಲಿ ಹೊಲ ಬೆಳ್ಳಗೆ ಕಾಣುತ್ತದೆ, ಬಿತ್ತಿದ್ದು ಹುಟ್ಟುವುದಿಲ್ಲ. ನಾನು ಹುಡುಗನಾಗಿದ್ದಾಗ ಮಾಮಾನ ಹೊಲ ಹಾಗಿತ್ತು. ಆಮೇಲೆ ಅವನು ಅಕ್ಕಪಕ್ಕದವರನ್ನು ಒಪ್ಪಿಸಿ, ಮಣ್ಣಿನಡಿ ತೂತಿನ ಪೈಪು ಹೂಳಿಸಿ, ಉಪ್ಪುನೀರನ್ನು ಹಳ್ಳಕ್ಕೆ ಬಸಿದುಹೋಗುವಂತೆ ಮಾಡಿದ. ಮಳೆಗಾಲದ ಮೇಲೆ ಮಳೆಗಾಲ ಹೊಲ ತೊಳೆದುಕೊಂಡಿತು. ಮಾಮಾ ಒಂದೊಂದು ಮೂಲೆಯ ಮಣ್ಣನ್ನು ಚಿಟಿಕೆಯಷ್ಟು ತೆಗೆದು ನಾಲಗೆಗೆ ಹಚ್ಚಿ ನೋಡುತ್ತಿದ್ದ. ನೋಡಿ, ಉಗುಳಿ, "ಇನ್ನೂ ಐತಿ" ಅನ್ನುತ್ತಿದ್ದ. ಕೊನೆಗೆ ಒಂದು ವರ್ಷ ಹಾಗೆ ಅನ್ನಲಿಲ್ಲ. ಆ ವರ್ಷ ಕಬ್ಬು ಬಂತು.

ಅವನು ಸಾಯುವ ಹಿಂದಿನ ದೀಪಾವಳಿಯ ಸುಮಾರಿಗೆ ನಾನು ಇದರ ಬಗ್ಗೆ ಒಂದು ಲೇಖನ ಬರೆಯಲು ಅವನಲ್ಲಿಗೆ ಹೋಗಿದ್ದೆ. ಮಹಾನಂದಾ ಹಬ್ಬಕ್ಕೆ ತವರಿಗೆ ಬಂದಿದ್ದಳು, ಹೊಲಕ್ಕೆ ಚಹಾ ತಂದಳು. ಬಾಂಧಿನ, ಅಂದರೆ ಹೊಲದ ಬದುವಿನ, ಮೇಲೆ ಮೂವರೂ ಕೂತಿದ್ದೆವು. ಮಾಮಾ ಹೊಲದ ಕೆಳಗಿನ ತುದಿಯತ್ತ ಕೈ ಮಾಡಿ ತೋರಿಸಿದ.

"ನಾ ಹ್ವಾದ ಮ್ಯಾಲ ನನ್ನ ಅಲ್ಲೇ ಕುಂದರಸ್ರಿ. ಆದ್ರ ಉಪ್ಪ ಹಾಕಬ್ಯಾಡ್ರಿ. ಈ ಮಣ್ಣಿನ್ಯಾಗಿನ ಉಪ್ಪ ತೆಗ್ಯಾಕ ನನ್ನ ಅರ್ಧಾ ಆಯುಷ್ಯ ಹೋಗೇತಿ. ಮತ್ತ ನನ್ನ ನೆವಾ ಮಾಡಿ ಅದರಾಗ ಉಪ್ಪ ಸುರೀತೀರೇನು?"

"ಅಪ್ಪಾ, ಸಾಕ ಮಾಡು. ಚಹಾ ಆರಾಕತ್ತೈತಿ," ಎಂದಳು ಮಹಾನಂದಾ.

"ಆರಲಿ. ನಾನೂ ಒಂದಿನ ಆರಾಂವನ. ಕೇಳ್ರಿ ಇಲ್ಲೆ. ವಿಭೂತಿ ಇರಲಿ, ಪತ್ರಿ ಇರಲಿ. ಅರಿವಿ ಹತ್ತೀದ ಹಾಕ್ರಿ. ಆ ಝಗಝಗ ಶಾಲು, ಪ್ಲಾಸ್ಟಿಕ್ ಮಾಲಿ ಏನೂ ಬ್ಯಾಡ. ಮ್ಯಾಲ ಸಿಮೆಂಟ್ ಕಟ್ಟೀನೂ ಬ್ಯಾಡ. ತಗದ ಮಣ್ಣ ತಿರುಗಿ ಹಾಕಿ, ಮುಂದಿನ ಮಳೀಗೆ ಮ್ಯಾಲ ಹೆಸರ ಬಿತ್ರಿ."

"ಇದನ್ನ ಕಲಗೊಂಡಗ ಹೇಳಬೇಕ ಮಾಮಾ, ನನಗಲ್ಲ," ಎಂದೆ. ಕಲಗೊಂಡ ಅವನ ಮಗ, ಮಹಾನಂದಾಳ ಅಣ್ಣ.

"ಅವಗ ಹೇಳಿದ್ರ ಈಗ ಹೋಗಿ ಗ್ರಾನೈಟ್ ಅಂಗಡ್ಯಾಗ ನನ್ನ ಅಳತೀ ಕೊಟ್ಟ ಬರ್ತಾನ."

ನಾವು ನಕ್ಕೆವು. ಮಾಮಾ ನಗಲಿಲ್ಲ. "ಈಕೀನೂ ಕೇಳ್ಯಾಳ, ನೀನೂ ಕೇಳೀದಿ. ಇಬ್ಬರಾದ್ರಿ. ಒಬ್ಬರ ಮಾತು ನಿಮ್ಮ ಪೇಪರದಾಗೂ ನಡ್ಯೂದಿಲ್ಲಂತಲ್ಲೋ," ಎಂದ. ಎರಡನೆಯವರಿಂದ ಖಚಿತವಾಗದ ಮಾತನ್ನು ನಾವು ಅಚ್ಚಿಗೆ ಕೊಡುವುದಿಲ್ಲ ಎಂದು ಅವನ ಮುಂದೆ ಹಿಂದೊಮ್ಮೆ ಜಂಬ ಕೊಚ್ಚಿದವನು ನಾನೇ.

ಲೇಖನ ಅಚ್ಚಾಯಿತು. ಅದರಲ್ಲಿ ಪೈಪುಗಳ ಮಾತಿತ್ತು, ಕಬ್ಬಿನ ಮಾತಿತ್ತು. ಸಾವಿನ ಮಾತನ್ನು ನಾನು ಬಿಟ್ಟೆ, ಖಾಸಗಿ ವಿಷಯ ಎಂದುಕೊಂಡು.

ಈಗ ಪದ್ಧತಿಯ ಮಾತು. ನಾವು ಲಿಂಗಾಯತರು, ನಮ್ಮಲ್ಲಿ ಸುಡುವುದಿಲ್ಲ. ಗುಂಡಿ ತೋಡಿ, ಅದರೊಳಗೊಂದು ಗೂಡು ಮಾಡಿ, ಹೋದವರನ್ನು ಕುಳಿತ ಭಂಗಿಯಲ್ಲಿ ಇರಿಸುತ್ತಾರೆ. ಎಡಗೈಯಲ್ಲಿ ಅವರ ಇಷ್ಟಲಿಂಗ, ಸುತ್ತ ವಿಭೂತಿ, ಬಿಲ್ವಪತ್ರಿ, ಮೇಲೆ ಮಣ್ಣು. ಕಟ್ಟಿಗೆ ಬೇಕಿಲ್ಲ, ಪೆಟ್ಟಿಗೆ ಬೇಕಿಲ್ಲ. ಮಣ್ಣಿಗೆ ಇಷ್ಟು ಹತ್ತಿರದ ಪದ್ಧತಿಯ ಮೇಲೆ ಕಾಲಕಾಲಕ್ಕೆ ಏನೇನೋ ಬಂದು ಕೂತಿವೆ — ಪಾಲಿಸ್ಟರ್ ಶಾಲುಗಳು, ಗ್ರಾನೈಟ್ ಕಟ್ಟೆ, ಅದರ ಮೇಲೆ ಫೋಟೋ ಅಂಟಿಸಿದ ಟೈಲ್ಸು. ಉಪ್ಪು ಮಾತ್ರ ಹಳೆಯದು. ಮಾಮಾನ ಊರಿನಲ್ಲಿ ಭಾವಕಿಯ, ಅಂದರೆ ಒಂದೇ ಮನೆತನದ ಕವಲುಗಳಾದ, ಪ್ರತಿ ಮನೆಯವರೂ ಉಪ್ಪು ತಂದು ಗುಂಡಿಗೆ ಹಾಕುತ್ತಾರೆ. ಹೋದವನ ಮನೆಯ ಉಪ್ಪು ನಾವು ಉಂಡಿದ್ದೇವೆ, ತಿರುಗಿ ಕೊಡುತ್ತಿದ್ದೇವೆ ಎಂಬ ಅರ್ಥ. ಅದನ್ನು ಬೇಡ ಅನ್ನುವುದೆಂದರೆ ಕೊಡಲು ಬಂದ ಕೈಯನ್ನು ತಳ್ಳಿದ ಹಾಗೆ.

ಇನ್ನೊಂದು ಮಾತನ್ನೂ ಇಲ್ಲೇ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಸೋದರಮಾವನ ಮಗಳು ನಮ್ಮಲ್ಲಿ ತರುವ ಹೆಣ್ಣು. ಮಹಾನಂದಾ ಮತ್ತು ನಾನು ಓರಗೆಯವರು, ಒಟ್ಟಿಗೇ ಆಡಿ ಬೆಳೆದವರು. ನಮ್ಮಿಬ್ಬರಿಗೆ ಲಗ್ನವೆಂದು ಚಿಕ್ಕಂದಿನಿಂದಲೂ ಎರಡೂ ಮನೆಯವರು ಆಡಿಕೊಂಡಿದ್ದರು. ನೌಕರಿ ಸಿಕ್ಕ ಮೇಲೆ ನಾನು ಒಲ್ಲೆ ಎಂದೆ. ಕಾರಣವನ್ನೂ ಸರಿಯಾಗಿ ಹೇಳಲಿಲ್ಲ. ಮಾಮಾ ಒಂದು ಕೆಟ್ಟ ಮಾತಾಡದೆ ಅವಳನ್ನು ಇಚಲಕರಂಜಿಯ ಮಗ್ಗದ ಮನೆಗೆ ಕೊಟ್ಟ. ಅವಳು ಚೆನ್ನಾಗಿದ್ದಾಳೆ ಎಂದು ಎಲ್ಲರೂ ನನಗೆ ಹೇಳುತ್ತಿದ್ದರು, ನಾನು ಕೇಳದಿದ್ದರೂ.

ಮಾಮಾ ಎದೆನೋವಿನಿಂದ ಮನೆಯಲ್ಲೇ ಹೋದ. ನಾನು ಹೆಂಡತಿಯನ್ನು ಕರೆದುಕೊಂಡು ಕೊಲ್ಹಾಪುರದಿಂದ ಬರುವಷ್ಟರಲ್ಲಿ ಅವನನ್ನು ಕಟ್ಟೆಯ ಮೇಲೆ ಗೋಡೆಗೆ ಆನಿಸಿ ಕೂರಿಸಿದ್ದರು, ಹಣೆತುಂಬ ವಿಭೂತಿ, ಮೈಮೇಲೆ ಐದಾರು ಹೊಳೆಯುವ ಶಾಲುಗಳು. ಮಹಾನಂದಾ ತಮ್ಮ ಮನೆಯ ಮಗ್ಗದಲ್ಲಿ ನೇಯ್ದ ಬಿಳಿ ಹತ್ತಿ ಬಟ್ಟೆ ತಂದಿದ್ದಳು. ಅದನ್ನು ಹೊದಿಸಿದರು. ಅದರ ಮೇಲೆ ಮತ್ತೆ ಶಾಲು ಬಂತು.

ಹೊಲದ ಕೆಳಗಿನ ತುದಿಯಲ್ಲಿ ಗುಂಡಿ ತಯಾರಿತ್ತು. ಮಾಮಾನನ್ನು ಗೂಡಿನಲ್ಲಿ ಕೂರಿಸಿ, ಜಂಗಮರಾದ ಅಯ್ಯನವರು ಮಂತ್ರ ಹೇಳಿ ಮುಗಿಸಿದರು. ಕಲಗೊಂಡ ತರಿಸಿದ್ದ ಉಪ್ಪಿನ ಚೀಲಗಳನ್ನು ಇಬ್ಬರು ಅಂಚಿಗೆ ಎಳೆದು ತಂದರು. ಭಾವಕಿಯವರು ತಮ್ಮ ತಮ್ಮ ಪುಡಿಕೆ ಹಿಡಿದು ನಿಂತಿದ್ದರು. ಆಗ ಮಹಾನಂದಾ ಹೆಂಗಸರ ಗುಂಪಿನಿಂದ ಮುಂದೆ ಬಂದಳು.

"ಉಪ್ಪ ಹಾಕಬ್ಯಾಡ್ರಿ. ಅಪ್ಪ ಬ್ಯಾಡ ಅಂದಾನ."

ಭಾವಕಿಯ ಹಿರಿಯ ಬಾಳುಕಾಕಾ, "ದುಃಖದಾಗ ಅದಾಳ, ಜಾಊ ದ್ಯಾ, ಬಿಟ್ಟಬಿಡ್ರಿ," ಎಂದ.

"ದುಃಖದಾಗ ಅಲ್ರಿ ಕಾಕಾ. ನಮ್ಮ ಮುಂದ ಹೇಳ್ಯಾನ. ಉಪ್ಪ ಬ್ಯಾಡ, ಸಿಮೆಂಟ್ ಬ್ಯಾಡ ಅಂತ."

ಕಲಗೊಂಡನ ಮುಖ ಕೆಂಪಾಯಿತು. "ಉಪ್ಪಿಲ್ದ ಮಣ್ಣ ಮಾಡಿದ್ರ ಊರ ಮಂದಿ ಏನಂದಾರು? ಮಗಾ ಉಪ್ಪಿಗೂ ಜುಗ್ಗತನಾ ಮಾಡ್ದ ಅಂದಾರು. ಕೊಟ್ಟ ಮನಿಗೆ ಹ್ವಾದಾಕಿಗೆ ಇಲ್ಲಿ ಹೊಲದ ಚಿಂತಿ ಯಾಕ?"

ಆಗ ಅಯ್ಯನವರು ಕೈ ಎತ್ತಿದರು. ಅವರ ಮಾತು ನನಗೆ ಇವತ್ತಿಗೂ ಅಕ್ಷರಶಃ ನೆನಪಿದೆ. "ವಿಭೂತಿ, ಪತ್ರಿ ಬಿಡಾಕ ಬರೂದಿಲ್ಲ. ಉಪ್ಪು ರೂಢಿ ಐತಿ. ಹೋದಾವ್ರು ಬ್ಯಾಡ ಅಂದಿದ್ರ ಬಿಡಬಹುದು, ಅದರಾಗೇನ ದೋಷಿಲ್ಲ. ಮತ್ತ್ಯಾರರ ಕೇಳ್ಯಾರೇನು?"

ಬಾಗಿಲು ತೆರೆದೇ ಇತ್ತು — ಇದನ್ನು ನಾನು ಮರೆಯಬಾರದು. ಅಲ್ಲಿ ಯಾರೂ ನನ್ನ ಕುತ್ತಿಗೆ ಹಿಡಿದಿರಲಿಲ್ಲ. ಒಂದು ಹೌದು ಸಾಕಿತ್ತು.

ಮಹಾನಂದಾ ನನ್ನ ಕಡೆ ತಿರುಗಿದಳು. "ಸುರೇಶಾ, ನೀ ಹೇಳೋ. ನೀನೂ ಇದ್ದೆಲ್ಲ."

ಎಲ್ಲರೂ ನನ್ನನ್ನು ನೋಡಿದರು. ನನ್ನ ಹೆಂಡತಿ ಹೆಂಗಸರ ನಡುವೆ ನಿಂತಿದ್ದಳು, ಅವಳೂ ನೋಡಿದಳು. ಯಾರೋ ಹಿಂದಿನಿಂದ ಮೆಲ್ಲಗೆ, "ಹೌದಲ್ಲ, ಅವರಿಬ್ಬರೂ ಹಳೇ..." ಎಂದು ಅರ್ಧಕ್ಕೆ ಬಿಟ್ಟರು. ಇನ್ಯಾರೋ ಕೆಮ್ಮಿದರು. ಲಗ್ನ ಒಲ್ಲೆ ಎಂದವನು ಈಗ ಅವಳ ಪರ ನಿಂತ, ಅಣ್ಣನ ಎದುರು ನಿಂತ — ಈ ಮಾತು ಸಂಜೆಯೊಳಗೆ ಎಲ್ಲೆಲ್ಲಿಗೆ ಹೋಗುತ್ತದೆ ಎಂದು ನಾನು ಲೆಕ್ಕ ಹಾಕಿದೆ. ಲೆಕ್ಕ ಹಾಕಲು ಒಂದು ಉಸಿರಿನಷ್ಟೂ ಹೊತ್ತು ಹಿಡಿಯಲಿಲ್ಲ.

"ನಾ ಏನೂ ಕೇಳಿಲ್ರಿ," ಎಂದೆ. "ಹೊಲದ ಮಾತ ಆಡಿದ್ರು. ಇದು ಕೇಳಿಲ್ಲ."

ನೆನಪಿಲ್ಲ ಎಂದಿದ್ದರೂ ಒಂದು ಸಂದಿ ಉಳಿಯುತ್ತಿತ್ತು. ನಾನು ಅದನ್ನೂ ಮುಚ್ಚಿದೆ. ಮಾತು ಖಚಿತವಾಗಿರಬೇಕು ಎಂಬ ಕಸುಬಿನ ಅಭ್ಯಾಸ, ಅಲ್ಲಿಯೂ —

ಮಹಾನಂದಾ ನನ್ನನ್ನು ನೋಡಿ, ಹೆಂಗಸರ ಗುಂಪಿಗೆ ಹೋಗದೆ, ಬಾಂಧು ಹತ್ತಿ ರಸ್ತೆಯ ಕಡೆ ನಡೆದಳು. ಉಪ್ಪು ಬಿತ್ತು. ಮಾಮಾನ ಎದೆಯವರೆಗೆ ಬಿತ್ತು. ಭಾವಕಿಯವರ ಸಾಲಿನಲ್ಲಿ ನನ್ನ ಕೈಗೂ ಯಾರೋ ಒಂದು ಪುಡಿಕೆ ಕೊಟ್ಟರು. ನಾನೂ ಹಾಕಿದೆ.

ಆಮೇಲಿನದು ನಿಧಾನವಾಗಿ ಆಯಿತು. ಗ್ರಾನೈಟ್ ಕಟ್ಟೆ ಎದ್ದಿತು, ಪೂಜೆಗೆ ಮಗಳನ್ನು ಕರೆಯಲಿಲ್ಲ. ಅಪ್ಪನ ಹೆಸರಿನಲ್ಲಿ ಸುಳ್ಳು ಹೇಳಿದವಳು ಎಂಬ ಮಾತು ಅವಳ ಅತ್ತೆಮನೆಯವರೆಗೂ ಮುಟ್ಟಿತು. ಒಮ್ಮೆ ಅವಳು ತಾಯಿಯ ಮುಂದೆ ಕೂತು, ತಾನು ಹೇಳಿದ್ದು ನಿಜವೇ ಎಂದು ಅತ್ತಳಂತೆ. ತಾಯಿ, ಅಂದರೆ ನನ್ನ ಅತ್ತಿ, ಕೊಟ್ಟ ಉತ್ತರವನ್ನು ಅತ್ತಿಯೇ ನನಗೆ ಹೇಳಿದಳು, ಹೆಮ್ಮೆಯಿಂದ: "ಸುರೇಶ ಪೇಪರದಾಂವ. ಅವಗ ಸುಳ್ಳ ಹೇಳೂ ಗರಜ ಏನೈತಿ ಅಂದೆ." ಅದಾದ ಮೇಲೆ ಮಹಾನಂದಾ ತವರಿಗೆ ಹೋಗುವುದನ್ನು ಬಿಟ್ಟಳು.

ನಾನು ಪಾರಾಗುವ ದಾರಿಗಳನ್ನು ಹುಡುಕಿದ್ದೂ ಇದೆ. ಯಾವುದೋ ಸುದ್ದಿಯ ನೆಪದಲ್ಲಿ ಕೃಷಿ ಇಲಾಖೆಯ ಒಬ್ಬರನ್ನು ಕೇಳಿದೆ: ಒಂದು ಗುಂಡಿಗೆ ಕೆಲವು ಚೀಲ ಉಪ್ಪು ಹಾಕಿದರೆ ಹೊಲ ಕೆಡುತ್ತದೆಯೇ? ಅಷ್ಟರಿಂದ ಹೊಲ ಕೆಡುವುದಿಲ್ಲ, ಆ ಜಾಗದಲ್ಲಿ ಕೆಲ ಕಾಲ ಏನೂ ಬೆಳೆಯದಿರಬಹುದು ಎಂದರು. ಆ ಉತ್ತರವನ್ನು ಹಿಡಿದುಕೊಂಡು ಕೆಲವು ದಿನ ಸಮಾಧಾನದಿಂದಿದ್ದೆ. ನಂತರ ಅದೂ ಸವೆಯಿತು. ಮಾಮಾ ನನ್ನಿಂದ ಮಣ್ಣುಪರೀಕ್ಷೆಯ ಅಭಿಪ್ರಾಯ ಕೇಳಿರಲಿಲ್ಲ.

ಕೆಲವು ವರ್ಷಗಳ ಮೇಲೆ ಪತ್ರಿಕೆಯ ಭಾನುವಾರದ ಪುರವಣಿಗೆ ಪರಿಸರಸ್ನೇಹಿ ಅಂತ್ಯಸಂಸ್ಕಾರದ ಬಗ್ಗೆ ಬರೆಯಲು ನನಗೇ ಹೇಳಿದರು. ಕೊಲ್ಹಾಪುರದಲ್ಲಿ ಕಟ್ಟಿಗೆಯ ಬದಲು ಬೆರಣಿಯಲ್ಲಿ ಸುಡುವ ಬಗ್ಗೆ ಬರೆದೆ. ಹೂಳುವವರು ಸಿಮೆಂಟನ್ನು ಬಿಟ್ಟು ಗಿಡ ನೆಡಬಹುದು ಎಂದು ಬರೆದೆ. ಹೋದವರ ಇಚ್ಛೆಯನ್ನು ಮನೆಯವರು ಗೌರವಿಸಬೇಕು ಎಂಬ ವಾಕ್ಯವನ್ನೂ ಬರೆದೆ. ಸಂಪಾದಕರು ಚೆನ್ನಾಗಿದೆ ಎಂದರು. ಆ ಪುಟ ಇಚಲಕರಂಜಿಗೂ ಹೋಗುತ್ತದೆ ಎಂದು ಹೊಳೆದದ್ದು ಅಚ್ಚಾದ ಮೇಲೆ. ಅವಳು ಓದಿದಳೋ ಇಲ್ಲವೋ — ಆ ವಾರವೆಲ್ಲ ಗೊತ್ತಿಲ್ಲದ ನಂಬರಿನಿಂದ ಫೋನು ಬಂದರೆ ಎತ್ತುವ ಮುಂಚೆ ಕಚೇರಿಯಿಂದ ಹೊರಗೆ ಹೋಗುತ್ತಿದ್ದೆ. ಅವಳ ಫೋನು ಬರಲಿಲ್ಲ.

ಈ ವರ್ಷ ಅತ್ತಿಯನ್ನು ಕೊಲ್ಹಾಪುರದ ಆಸ್ಪತ್ರೆಗೆ ಸೇರಿಸಿದರು. ಕಿಡ್ನಿ ಎರಡೂ ಕೈಬಿಟ್ಟಿವೆ. ಕೊಲ್ಹಾಪುರದಲ್ಲಿರುವ ನೆಂಟರಲ್ಲಿ ನಾನೇ ಹತ್ತಿರದವನು, ಆದ್ದರಿಂದ ಕಚೇರಿಗೆ ಹೋಗುವ ಮುಂಚೆ ಅವಳ ಬಳಿ ಕೂರುವ ಪಾಳಿ ನನ್ನದು. ಒಂದು ದಿನ ಅವಳು ನೀರು ಕೇಳಿ ಕುಡಿದು, "ಮಾನಂದಾ ಹಂಗ್ಯಾಕ ಮಾಡಿದ್ಳೋ, ನಂಗ ತಿಳೀವಲ್ದು. ನಾ ಹ್ವಾಗೂ ಮುಂದ ಆಕಿ ಸುಳ್ಳ ಒಪ್ಪಿಕೊಂಡ್ರ ಸಾಕಾಗಿತ್ತು," ಎಂದಳು.

ಅಂದಿನಿಂದ ನಾನು ನಿದ್ದೆ ಕಳೆದುಕೊಂಡೆ. ಪ್ರತಿದಿನ ವಾರ್ಡಿನ ಬಾಗಿಲಲ್ಲಿ ನಿಂತು ಮಂಚ ಖಾಲಿಯಿಲ್ಲವೆಂದು ನೋಡಿಕೊಂಡೇ ಒಳಗೆ ಹೋಗುತ್ತಿದ್ದೆ. ಇವತ್ತು ಹೇಳುತ್ತೇನೆ ಎಂದು ಹೋಗಿ, ಡಾಕ್ಟರು ಬಂದರು, ನರ್ಸು ಬಂದರು, ಅತ್ತಿಗೆ ನಿದ್ದೆ ಹತ್ತಿತು — ಏನಾದರೊಂದು ಸಿಗುತ್ತಿತ್ತು. ತಾಯಿ ಈ ಲೋಕ ಬಿಡುವಾಗ ಮಗಳು ಸುಳ್ಳು ಹೇಳುವವಳು ಎಂದುಕೊಂಡೇ ಬಿಟ್ಟರೆ, ಆಮೇಲೆ ನಾನು ಯಾರಿಗೆ ಏನು ಹೇಳಿದರೂ —

ಕೊನೆಗೆ ಹೇಳಿದ ದಿನ ವಿಶೇಷವೇನೂ ಆಗಿರಲಿಲ್ಲ. ಅವಳು ಎಚ್ಚರವಾಗಿದ್ದಳು. "ಅತ್ತಿ, ಮಹಾನಂದಾ ಖರೇ ಹೇಳಿದ್ಳು. ಮಾಮಾ ನಮ್ಮಿಬ್ಬರ ಮುಂದ ಹೇಳಿದ್ದ. ನಾ ಸುಳ್ಳ ಹೇಳಿದೆ," ಎಂದೆ. ಅವಳು ಕಣ್ಣು ಮುಚ್ಚಿದಳು. ಕೇಳಿಸಿತೋ ಇಲ್ಲವೋ ಎಂದು ನಾನು ಮತ್ತೊಮ್ಮೆ ಹೇಳಲು ಹೊರಟಾಗ, "ಒಮ್ಮೆ ಹೇಳಿದ್ದು ಸಾಕು," ಎಂದಳು. ಆಮೇಲೆ ಕಣ್ಣು ತೆರೆದು, "ಆಕಿಗೆ ಹೇಳೀಯೇನು?"

"ಇಲ್ಲ."

"ಮತ್ತ ನನ್ನ ಮುಂದ ಯಾಕ ಕುಂತಿ? ಎದ್ದ ಹೋಗು."

ನಾನು ಇಚಲಕರಂಜಿಗೆ ಹೋದೆ. ಮಹಾನಂದಾ ಮಗ್ಗದ ಶೆಡ್ಡಿನಲ್ಲಿದ್ದಳು. ಮಗ್ಗಗಳ ಸದ್ದಿನಲ್ಲಿ ಏನೂ ಕೇಳುವುದಿಲ್ಲವೆಂದು ಹೊರಗೆ ಬಂದಳು. ಕೂದಲು ಬೆಳ್ಳಗಾಗಿತ್ತು. ಹತ್ತಿಯ ಎಳೆಗಳೂ ಇದ್ದಿರಬಹುದು, ನಾನು ಸರಿಯಾಗಿ ನೋಡಲಿಲ್ಲ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳನ್ನು ಹೇಳಿದೆ. ಅವಳು ಪೂರ್ತಿ ಕೇಳಿದಳು.

"ಇದನ್ನ ನನಗ್ಯಾಕ ಹೇಳಾಕ ಬಂದಿ? ನಂಗ ಗೊತ್ತಿದ್ದದ್ದ ಐತೆಲ್ಲ. ಗುಂಡಿ ಸುತ್ತ ನಿಂತಿದ್ರಲ್ಲ, ಅವರಿಗೆ ಹೇಳು."

"ಹೇಳ್ತೀನಿ. ಅತ್ತಿ ನಿನ್ನ ದಾರಿ ನೋಡಾಕತ್ತಾಳ."

"ಅವ್ವನ ಮಾತ ನಮ್ಮ ನಮ್ಮದು. ಅದರಾಗ ನೀ ಬರಬ್ಯಾಡ," ಎಂದು ಒಳಗೆ ಹೋದಳು.

ಮುಂದಿನ ಭಾನುವಾರ ಮಾಮಾನ ಊರಿಗೆ ಹೋದೆ. ಬಾಳುಕಾಕಾ ಮತ್ತು ಭಾವಕಿಯ ಹಿರಿಯರು ಹಾಲಿನ ಡೇರಿಯ ಮುಂದೆ ಕೂತಿದ್ದರು, ಕಲಗೊಂಡನನ್ನೂ ಕರೆಸಿದೆ. ಅಯ್ಯನವರು ಈಗ ಇಲ್ಲ. ಅವರು ಕೇಳಿದ ಪ್ರಶ್ನೆಯನ್ನು ನೆನಪಿಸಿ, ಅದಕ್ಕೆ ಆ ದಿನ ಕೊಡಬೇಕಿದ್ದ ಉತ್ತರವನ್ನು ಕೊಟ್ಟೆ. ಯಾಕೆ ಸುಳ್ಳು ಹೇಳಿದೆ ಎಂದು ಒಬ್ಬರು ಕೇಳಿದರು. ಮಂದಿ ನಮ್ಮಿಬ್ಬರ ಬಗ್ಗೆ ಏನಂದಾರು ಎಂದು ಹೆದರಿದೆ ಎಂದೆ. ಅದೊಂದೇ ಕಾರಣ, ಬೇರೆ ಇಲ್ಲ.

ಬಾಳುಕಾಕಾ ಎಲೆ ಅಡಿಕೆ ಉಗುಳಿ ಬಂದು ಕೂತ. "ಪೇಪರದಾವ್ರ ತಿದ್ದುಪಡಿ ಭಾಳ ತಡಾ ಮಾಡಿ ಹಾಕ್ತೀರಪಾ," ಎಂದ. ಯಾರೂ ನಗಲಿಲ್ಲ. "ಆಕಿ ಅವತ್ತ ಒಬ್ಬಾಕೀನ ರಸ್ತಾ ಹಿಡದ ಹ್ವಾದ್ಳು. ನಾ ನೋಡಿದೆ. ನೀನೂ ನೋಡಿದಿ."

"ಹೌದ್ರಿ ಕಾಕಾ. ನೋಡಿದೆ."

ಕಲಗೊಂಡ ಎದ್ದು ಮೋಟರ್‌ಸೈಕಲ್ ಹತ್ತಿ ಹೊಲದ ಕಡೆ ಹೋದ. ನಾನು ಹಿಂದೆ ಹೋಗಲಿಲ್ಲ. ಅತ್ತಿ ತನ್ನನ್ನೂ ಅದೇ ಹೊಲದಲ್ಲಿ, ಗಂಡನ ಪಕ್ಕದಲ್ಲಿ, ಉಪ್ಪಿಲ್ಲದೆ ಮಣ್ಣು ಮಾಡಬೇಕೆಂದು ಈಗ ಹೇಳುತ್ತಿದ್ದಾಳೆ ಎಂಬುದನ್ನು ಅವನಿಗೆ ತಿಳಿಸಬೇಕಿತ್ತು. ಸಂಜೆ ಫೋನಿನಲ್ಲಿ ತಿಳಿಸಿದೆ. ಅವನು ಕೇಳಿಕೊಂಡ. ಹೌದೂ ಅನ್ನಲಿಲ್ಲ, ಇಲ್ಲವೂ ಅನ್ನಲಿಲ್ಲ.

ಅತ್ತಿಯ ಗುಂಡಿಯ ಬಳಿ ಮಹಾನಂದಾ ಮತ್ತೊಮ್ಮೆ ಮುಂದೆ ನಿಂತು ಹೇಳಬೇಕಾಗಬಹುದು, ಊರವರು ಮತ್ತೊಮ್ಮೆ ಯಾರು ಕೇಳಿದ್ದಾರೆ ಎನ್ನಬಹುದು. ಅತ್ತಿ ಆ ಮಾತು ಹೇಳುವಾಗ ಅಲ್ಲಿದ್ದವನು ನಾನು, ಮತ್ತು ಒಬ್ಬ ನರ್ಸು. ಆದ್ದರಿಂದ ಇಲ್ಲಿ ಅಚ್ಚಿನಲ್ಲಿ ಹೇಳುತ್ತಿದ್ದೇನೆ: ಅತ್ತಿ ಹೇಳಿದ್ದಾಳೆ. ನಾನು ಕೇಳಿದ್ದೇನೆ.

ಮಹಾನಂದಾ ಬುಧವಾರ ಆಸ್ಪತ್ರೆಗೆ ಬಂದಳು. ನಾನು ಕುರ್ಚಿ ಬಿಟ್ಟು ಎದ್ದು ಹೊರಗೆ ಹೋದೆ. ಅಂದಿನಿಂದ ಬೆಳಗಿನ ಪಾಳಿ ಅವಳದು. ನಿನ್ನೆ ಕಲಗೊಂಡ ತಂಗಿಗೆ ಫೋನು ಮಾಡಿದ್ದನೆಂದು ಅತ್ತಿ ಹೇಳಿದಳು. ಏನು ಮಾತಾಡಿದರೆಂದು ಅಣ್ಣ ತಂಗಿ ಇಬ್ಬರೂ ನನಗೆ ಹೇಳಿಲ್ಲ.